ಕಸಿಗೊಂಡ ಮೂತ್ರಪಿಂಡ ಮತ್ತು ಕಿರಿದಾದ ಮೂತ್ರನಾಳ: ಚಿಕಿತ್ಸೆಯ ಇತಿಹಾಸ

ಮೂತ್ರಪಿಂಡದ ಕಸಿಯ ಇತಿಹಾಸವನ್ನು ಬರೆಯುವವರು ರಕ್ತನಾಳಗಳ ಜೋಡಣೆಯನ್ನೂ ಅನ್ಯರ ಅಂಗವನ್ನು ತಿರಸ್ಕರಿಸುವ ದೇಹದ ಸ್ವಭಾವವನ್ನೂ ವಿಸ್ತಾರವಾಗಿ ಹೇಳುವುದು ವಾಡಿಕೆ. ಮೂತ್ರಪಿಂಡದಿಂದ ಮೂತ್ರಾಶಯಕ್ಕೆ ಇಳಿಯುವ ಸಣ್ಣ ನಾಳದ ವಿಚಾರ ಹಿಂದೆ ಬೀಳುತ್ತದೆ. ಆದರೆ ಸಫಲವಾದ ಕಸಿಯೂ ಈ ನಾಳ ಕಿರಿದಾದರೆ ಕೆಡಬಲ್ಲದು. ಆ ತೊಡಕನ್ನು ವೈದ್ಯಶಾಸ್ತ್ರವು ಎದುರಿಸಿದ ಬಗೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಅವರ ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಕಸಿಮಾಡಿ ಯಶಸ್ವಿಯಾದರು. ನಮ್ಮ ದೇಶದಲ್ಲಿ 1965ರ ಮುಂಬಯಿಯ ಪ್ರಯತ್ನದ ತರುವಾಯ, 1971ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಈ ಕಾರ್ಯ ಸಿದ್ಧಿಸಿತು.

ನಾಳ ಕಿರಿದಾಗುವುದಕ್ಕೆ ಮುಖ್ಯ ಕಾರಣ ರಕ್ತದ ಕೊರತೆ. ಸಹಜಸ್ಥಿತಿಯಲ್ಲಿ ಮೂತ್ರನಾಳಕ್ಕೆ ಉದ್ದಕ್ಕೂ ಹಲವು ಮೂಲಗಳಿಂದ ರಕ್ತ ಬರುತ್ತದೆ. ದಾನಿಯ ದೇಹದಿಂದ ಬಿಡಿಸಿದಾಗ ಕೆಳಗಿನ ಮೂಲಗಳೆಲ್ಲ ಕಡಿದುಹೋಗಿ, ಮೂತ್ರಪಿಂಡದ ಧಮನಿಯ ತೆಳುವಾದ ಕವಲುಗಳಷ್ಟೇ ಉಳಿಯುತ್ತವೆ. ಆಗ ತುದಿಯ ಭಾಗ ಸೊರಗಿ, ಗಾಯದ ಕಲೆಗಟ್ಟಿ ಬಿಗಿದುಕೊಳ್ಳುತ್ತದೆ. ಈ ಕಾರಣದಿಂದಲೇ ಶಸ್ತ್ರವೈದ್ಯರು ನಾಳವನ್ನು ಗಿಡ್ಡವಾಗಿ ಇರಿಸತೊಡಗಿದರು. 1961ರಲ್ಲಿ ಲಿಚ್, 1964ರಲ್ಲಿ ಗ್ರೆಗ್ವಾರ್ ಪ್ರಕಟಿಸಿದ, ಮೂತ್ರಾಶಯದ ಹೊರಗಿನಿಂದಲೇ ಜೋಡಿಸುವ ಕ್ರಮ ಇದಕ್ಕೆ ಅನುಕೂಲವಾಯಿತು. ಬೇರೊಂದು ಕಾರಣವೂ ಉಂಟು. 1970ರಲ್ಲಿ ಲಂಡನ್ನಿನಲ್ಲಿ, ಮೂತ್ರನಾಳ ಕಿರಿದಾಗಿದ್ದ ಒಬ್ಬ ಕಸಿರೋಗಿಯ ಮೂತ್ರದಲ್ಲಿ ಹೊಸದೊಂದು ವೈರಸ್ ಕಂಡುಬಂದಿತು. ಅದೇ ಬಿಕೆ ವೈರಸ್.

ಮೊದಲ ಚಿಕಿತ್ಸೆ ಶಸ್ತ್ರದ್ದೇ. ಬಿಗಿದ ಭಾಗವನ್ನು ಕತ್ತರಿಸಿ ಮರಳಿ ಜೋಡಿಸುವುದು ಒಂದು ಮಾರ್ಗ. ನಾಳದ ಉದ್ದ ಸಾಲದಿದ್ದರೆ, 1894ರಲ್ಲಿ ಇಟಲಿಯ ಬೊಆರಿ ನಾಯಿಗಳಲ್ಲಿ ಪ್ರಯೋಗಿಸಿದಂತೆ, ಮೂತ್ರಾಶಯದ ಗೋಡೆಯಿಂದಲೇ ಕೊಳವೆ ರಚಿಸುವುದು ಅಥವಾ ರೋಗಿಯ ಸ್ವಂತ ಮೂತ್ರನಾಳವನ್ನು ಬಳಸುವುದು ಇತರ ಮಾರ್ಗಗಳು. ಆದರೆ ರೋಗನಿರೋಧಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಿರುವವನಿಗೆ ಎರಡನೆಯ ಶಸ್ತ್ರಕ್ರಿಯೆ ಸುಲಭದ್ದಲ್ಲ. 1955ರಲ್ಲಿ ಗುಡ್ವಿನ್ ಚರ್ಮದ ಮೂಲಕ ಮೂತ್ರಪಿಂಡಕ್ಕೆ ನಳಿಕೆಯಿಳಿಸಿ, ಕಟ್ಟಿನಿಂತ ಮೂತ್ರವನ್ನು ಹೊರಹರಿಸುವ ಕ್ರಮವನ್ನು ವರ್ಣಿಸಿದನು. 1978ರಲ್ಲಿ ಫಿನ್ನಿ ಎರಡು ತುದಿಗಳೂ ಬಾಗಿದ, ಸ್ಥಾನ ತಪ್ಪದ ಸ್ಟೆಂಟನ್ನು ಪ್ರಕಟಿಸಿದನು. ಮುಂದೆ ಬಲೂನಿನಿಂದ ನಾಳವನ್ನು ಹಿಗ್ಗಿಸುವ ಕ್ರಮವೂ ರೂಢಿಗೆ ಬಂದಿತು. ಆದರೂ ಹೊಸದು ಹಳೆಯದನ್ನು ಅಳಿಸಲಿಲ್ಲ. ಬೇಗನೆ ಪತ್ತೆಯಾದ ಚಿಕ್ಕ ಬಿಗಿತಕ್ಕೆ ಬಲೂನು ಸಾಕಾಗಬಹುದು; ಉದ್ದವಾದುದಕ್ಕೆ ಇಂದಿಗೂ ಶಸ್ತ್ರವೇ ಗತಿಯಾಗುವುದುಂಟು.

ಹೀಗೆ ಚಿಕಿತ್ಸೆಯ ಸೌಲಭ್ಯವೆಲ್ಲ ಬೇಗ ಪತ್ತೆಹಚ್ಚುವುದನ್ನೇ ಅವಲಂಬಿಸಿದೆ. ಕಷ್ಟವಿರುವುದೂ ಅಲ್ಲಿಯೇ. ಕಸಿಮಾಡುವಾಗ ಮೂತ್ರಪಿಂಡದ ನರಗಳು ಕಡಿದುಹೋಗುವುದರಿಂದ, ಮೂತ್ರ ಕಟ್ಟಿದರೂ ಸಾಮಾನ್ಯವಾಗಿ ನೋವು ತಿಳಿಯದು. ರಕ್ತದಲ್ಲಿ ಕ್ರಿಯಾಟಿನೀನ್ ಏರುವುದೂ ಸ್ಕ್ಯಾನಿನಲ್ಲಿ ಮೂತ್ರಪಿಂಡ ಹಿಗ್ಗಿ ಕಾಣುವುದೂ ಮೊದಲ ಸೂಚನೆಗಳು. ಹುಣಸೂರು ತಾಲ್ಲೂಕಿನ ಗಾವಡಗೆರೆಯಂಥ ಊರಿನಲ್ಲಿ ಇರುವವನಿಗೆ ಕಸಿಯ ವೈದ್ಯರು ದೊರೆಯುವುದು ಮೈಸೂರು ಬೆಂಗಳೂರುಗಳಲ್ಲಿ. ನೋವಿಲ್ಲವೆಂದು ಪರೀಕ್ಷೆಯನ್ನು ಮುಂದೂಡಿದರೆ ದಾನಿಯ ತ್ಯಾಗವೇ ವ್ಯರ್ಥವಾದೀತು. ಇಟ್ಟ ಸ್ಟೆಂಟನ್ನು ಮರೆತರೆ ಅದರ ಮೇಲೆಯೇ ಹರಳು ಕಟ್ಟೀತು. ಆದುದರಿಂದ ರಕ್ತಪರೀಕ್ಷೆಯ ಸೌಕರ್ಯವು ರೋಗಿಯ ಊರಿನ ಸಮೀಪಕ್ಕೆ ಬರುವುದೂ ಈ ಚಿಕಿತ್ಸೆಯ ಒಂದು ಅಂಗವೆಂದೇ ನಾವು ಭಾವಿಸುತ್ತೇವೆ.