ಮೂರಂಗುಲದ ಯೋಧನಿಗೆ ಯಾವ ಬಣ್ಣ?

ಇಂಡಿ ತಾಲ್ಲೂಕಿನ ಸಾಲೋಟಗಿ ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವುದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬಶಾಸನ. ಆಗ ಪಾವಿಟ್ಟಗೆ ಎನಿಸಿದ್ದ ಈ ಊರಿನಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆ, ಹೊರನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆ, ಉಪಾಧ್ಯಾಯನಿಗೆ 50 ನಿವರ್ತನ, ದೀಪಕ್ಕೆ 12 ನಿವರ್ತನ ಭೂಮಿ! ಎಣ್ಣೆಯ ಖರ್ಚನ್ನೂ ಮರೆಯದ ಶಾಸನವದು.

ಆ ಸೀಮೆಯ ತರುಣರೊಬ್ಬರು ಈಚೆಗೆ ನನ್ನಲ್ಲಿಗೆ ತಂದ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಮೂರಂಗುಲ ಎತ್ತರದ ಯೋಧಪ್ರತಿಮೆಗಳಿಗೆ ಬಣ್ಣ ತುಂಬುವುದು ಅವರ ಹವ್ಯಾಸ. "ಗುರುಗಳೇ, ಕೃಷ್ಣನ ಕಾಲಾಳು ಯಾವ ಬಣ್ಣದ ಉಡುಗೆ ತೊಡುತ್ತಿದ್ದ?" ಎಂದು ಕೇಳಿದರು. ನಾನು ನಿರುತ್ತರನಾದೆ. ಅರಿಯದ ಕಡೆ ಇತಿಹಾಸಕಾರನು ವಾಕ್ಯವನ್ನು ತೇಲಿಸಿ ಮುಂದೆ ಹೋಗಬಹುದು. ಕುಂಚ ಹಿಡಿದವನಿಗೆ ಆ ಸೌಕರ್ಯವಿಲ್ಲ. ಬಟ್ಟೆಗೆ ಏನಾದರೊಂದು ಬಣ್ಣ ಬೇಕೇ ಬೇಕು.

ನೆಪೋಲಿಯನ್ನನ ಸಿಪಾಯಿಗೆ ಬಣ್ಣ ಹಚ್ಚುವ ಯುರೋಪಿನ ಹವ್ಯಾಸಿಗೆ ಸೇನೆಯ ಲಿಖಿತ ಸಮವಸ್ತ್ರ ನಿಯಮಗಳೇ ಆಧಾರ. ನಮಗಿರುವುದು ಕಲ್ಲು. 949ರಲ್ಲಿ ಇದೇ ಕೃಷ್ಣನ ಸೇನೆ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿತು. ಆ ಯುದ್ಧವನ್ನು ನೆನೆಯುವ ಆತಕೂರಿನ ಕಲ್ಲಿನಲ್ಲಿ ಯೋಧರನ್ನು ಹುಡುಕಿದರೆ ಕಾಣುವುದು ಹಂದಿಯೊಡನೆ ಸೆಣಸುವ ನಾಯಿ! ಸ್ವಾಮಿಗಿಂತ ಕಾಳಿಯೆಂಬ ನಾಯಿಯೇ ಶಿಲ್ಪಿಗೆ ಹೆಚ್ಚು ಪ್ರಿಯವಾಯಿತೇನೋ. ಸೈನಿಕನನ್ನು ಕಾಣಬೇಕಾದರೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 900ರ ಬೇಗೂರು ವೀರಗಲ್ಲಿನ ಮುಂದೆ ನಿಲ್ಲಬೇಕು. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋಗಿ ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ಸ್ಮಾರಕವದು. ಆನೆ, ಕುದುರೆ, ಕಾಲಾಳು, ಬಿಲ್ಲು, ಕತ್ತಿ ಎಲ್ಲವೂ ಒಂದೇ ಹಲಗೆಯಲ್ಲಿ ಕಿಕ್ಕಿರಿದಿವೆ. ಗೊಂಬೆಯ ನಿಲುವಿಗೆ, ಕೈಯ ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ದುರ್ಲಭ. ಇದು ಗಂಗವಾಡಿಯದು, ಪಾವಿಟ್ಟಗೆಯದಲ್ಲ ಎಂಬ ಎಚ್ಚರವಿರಲಿ. ಬಣ್ಣವಂತೂ ಇಲ್ಲಿಯೂ ಇಲ್ಲ.

ಚಿತ್ರವಿರುವ ಕಡೆ ನಂಬಬಹುದೇ? ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಕೆಂಪಂಗಿಯ ಇಂಗ್ಲಿಷರು, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ; ಮೈಸೂರಿನ ಸಿಪಾಯಿಗೆ ಬಣ್ಣ ಹಚ್ಚುವವರು ಮೊದಲು ಓಡುವುದು ಅಲ್ಲಿಗೇ. ಆದರೆ ಆ ಚಿತ್ರ ವೆಲ್ಲೆಸ್ಲಿಯ ಕಾಲದಲ್ಲಿ ತಿದ್ದಲ್ಪಟ್ಟಿತು. ಡಾಲ್‌ಹೌಸಿಯ ಆಜ್ಞೆಯಿಂದ 1855ರಲ್ಲಿ ಮತ್ತೆ ಬರೆಯಲ್ಪಟ್ಟಿತು. ಹಾಗಾದರೆ ನಾವು ನೋಡುವ ಬಣ್ಣ ಟಿಪ್ಪುವಿನ ಚಿತ್ರಕಾರನದೋ, ಆತನ ಮೇಲೆ ಕುಂಚವಾಡಿಸಿದವನದೋ? ಹಸ್ತಪ್ರತಿಗಳ ಪಾಠಾಂತರವನ್ನು ಶೋಧಿಸುವವರಿಗೆ ಈ ಸಂಕಟ ಹೊಸದಲ್ಲ.

ಕೊನೆಗೆ ಆ ತರುಣರಿಗೆ ನಾನು ತೋರಿಸಿದ್ದು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು. ಸಾಲೋಟಗಿ ಶಾಸನಕ್ಕಿಂತ ಇದು ಸುಮಾರು ನೂರೆಂಬತ್ತು ವರ್ಷ ಈಚಿನದು. ಸೈನಿಕನ ಉಡುಗೆಯ ಬಣ್ಣಕ್ಕೆ ಸಾಕ್ಷಿಯಲ್ಲ. ಆದರೆ ಚಿತ್ರಕಾರನ ಬಟ್ಟಲಲ್ಲಿ ಏನಿತ್ತೆಂದು ಹೇಳುತ್ತದೆ: ಶಂಖದ ಬಿಳುಪು, ಇಂಗಳೀಕ ಮತ್ತು ಅರಗಿನ ಕೆಂಪು, ಕಾವಿಮಣ್ಣು, ಹರಿದಾಳದ ಹಳದಿ, ಕಾಡಿಗೆಯ ಕಪ್ಪು; ಬಣ್ಣವನ್ನು ಕಚ್ಚಿ ಹಿಡಿಯಲು ಎಮ್ಮೆಯ ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿನಿಂದ ಮಾಡುವ ಕಿಟ್ಟವೂ ಇದೇ ಬಗೆಯ ಜಾಣ್ಮೆ.

ತಿಂಗಳು ಕಳೆದು ಅವರು ಗೊಂಬೆಯನ್ನು ತಂದು ತೋರಿಸಿದರು. ಬಿಳಿಯ ಕಾಸೆ, ಕಾವಿಯ ನಡುಪಟ್ಟಿ, ಬೇರೆ ಬೆಡಗಿಲ್ಲ. ಮಗುಚಿ ನೋಡಿದೆ. ಪೀಠದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರು: "ನಿಲುವು, ಆಯುಧ ಬೇಗೂರಿನದು. ಬಣ್ಣ ನನ್ನ ಊಹೆ."