ಒಂದೇ ಕಂಬಿ, ಮರೆತ ಎರಡು ತುದಿ

ಬಳಿಚಕ್ರದ ಕಡೆಯವರು ರೈಲು ಹಿಡಿಯಬೇಕೆಂದರೆ ಯಾದಗಿರಿಗೆ ಹೋಗಬೇಕು, ಇಲ್ಲವೆ ಸೈದಾಪುರಕ್ಕೆ. ಎರಡೂ ಊರನ್ನು ಹಾಯ್ದು ಹೋಗುವ ಕಂಬಿ ಒಂದೇ. ಸುಗ್ಗಿ ತೀರಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಮುಂಬಯಿಯ ಗಾಡಿ ಹತ್ತುವವರನ್ನು ಈ ಸೀಮೆ ತಲೆಮಾರುಗಳಿಂದ ಕಂಡಿದೆ. ಈ ದಾರಿಯ ಒಂದು ತುದಿ ವಿ.ಟಿ., ಇನ್ನೊಂದು ತುದಿ ಮದರಾಸಿನ ಸೆಂಟ್ರಲ್ ಎಂದೇ ಹಳಬರ ಎಣಿಕೆ. ಈಗ ಎರಡಕ್ಕೂ ಹೊಸ ಹೆಸರುಗಳಾಗಿವೆ. ಆದರೆ ಈ ದಾರಿ ಕೂಡಿದ ಕಾಲಕ್ಕೆ ಇವೆರಡೂ ನಿಲ್ದಾಣಗಳು ಹುಟ್ಟಿಯೇ ಇರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಮುಂಬಯಿಯ ಜಿ.ಐ.ಪಿ. ಕಂಪನಿ ಘಟ್ಟ ಹತ್ತಿ ಪುಣೆ, ಸೊಲ್ಲಾಪುರ, ಕಲಬುರಗಿಗಳ ಮಾರ್ಗವಾಗಿ ಬಂದಿತು; ಮದರಾಸು ರೈಲ್ವೆ ಕಂಪನಿ ಕಡಪ, ಆದವಾನಿಗಳ ಮಾರ್ಗವಾಗಿ ಬಂದಿತು. ಇವೆರಡೂ 1871ರಲ್ಲಿ ರಾಯಚೂರಿನಲ್ಲಿ ಕೈಕೂಡಿಸಿದವು. ನೆಲ ನಿಜಾಮರದು, ಕಂಬಿ ಆಂಗ್ಲ ಕಂಪನಿಗಳದು. ನಿಜಾಮರ ಸ್ವಂತ ದಾರಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದದ್ದು 1874ರಲ್ಲಿ. ಅಂದು ರಾಯಚೂರಿನಲ್ಲಿ ಕೂಡಿದ ದಾರಿಗೆ ಮುಂಬಯಿಯ ತುದಿ ಬೋರಿ ಬಂದರ, ಮದರಾಸಿನ ತುದಿ ರಾಯಪುರಂ.

ಬೋರಿ ಬಂದರದ ಕಥೆ ಬೇಗ ಮುಗಿಯುತ್ತದೆ. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ಗಾಡಿ ಠಾಣೆಗೆ ಹೊರಟದ್ದು ಅಲ್ಲಿಂದ. ಹದಿನಾಲ್ಕು ಡಬ್ಬಿ, ನಾನೂರು ಜನ, ಮೂರು ಉಗಿಯಂತ್ರ, ತೋಪುಗಳ ಸಲಾಮು, ಏನು ಸಂಭ್ರಮ! ಅದರ ಪಾಲಿಗೆ ಉಳಿದದ್ದು ಅಷ್ಟೇ. 1878ರಲ್ಲಿ ಸ್ಟೀವನ್ಸ್ ಎಂಬ ಶಿಲ್ಪಿಯ ಕೈಯಲ್ಲಿ ವಿ.ಟಿ.ಯ ಕೆಲಸ ಆರಂಭವಾಗಿ ಹತ್ತು ವರ್ಷ ನಡೆಯಿತು; ಹಳೆಯ ಸಾಧಾರಣ ಕಟ್ಟಡ ಉಳಿಯಲಿಲ್ಲ.

ಮುಂಬಯಿಯ ಕೊಲಾಬಾದ್ದು ಇನ್ನೂ ವಿಚಿತ್ರ. ಅದು ನಮ್ಮ ದಾರಿಯದಲ್ಲ, ಬಿ.ಬಿ.ಸಿ.ಐ. ಕಂಪನಿಯದು, ಆದರೂ ಹೇಳದೆ ಬಿಡಲಾಗದು. ಅದರ ಮಗ್ಗುಲಲ್ಲೇ ಹತ್ತಿಯ ದೊಡ್ಡ ಪೇಟೆಯಿತ್ತು. 1928ರ ಜನವರಿಯಲ್ಲಿ ಅಲ್ಲಿಂದ ಬೋರಿವಲಿಯವರೆಗೆ ವಿದ್ಯುತ್ ಗಾಡಿ ಓಡಿತು. ಅಷ್ಟು ಹಣ ಸುರಿದು ಮೂರು ವರ್ಷ ತುಂಬುವ ಮೊದಲೇ, 1930ರ ಕೊನೆಯ ದಿನ, ನಿಲ್ದಾಣವನ್ನೇ ಮುಚ್ಚಿದರು! ಅದೇ ತಿಂಗಳು ಬಾಂಬೆ ಸೆಂಟ್ರಲ್ ತೆರೆದಿತ್ತು. ಹತ್ತಿಯ ಪೇಟೆ ಶಿವಡಿಯ ಕಡೆಗೆ ಹೋಯಿತು, ಹೋಗುವಾಗ ‘ಕಾಟನ್ ಗ್ರೀನ್’ ಎಂಬ ಹೆಸರನ್ನೂ ಜೊತೆಗೆ ಕೊಂಡೊಯ್ದಿತು. ಕೊಲಾಬಾದ ಆ ನೆಲದಲ್ಲಿ ಈಗಿರುವುದು ರೈಲ್ವೆ ಅಧಿಕಾರಿಗಳ ವಸತಿ. ನಿಲ್ದಾಣ ಸಾಯುವುದು ಮುಪ್ಪಿನಿಂದಲ್ಲ, ಊರು ಮಗ್ಗುಲು ಬದಲಿಸುವುದರಿಂದ ಎಂದು ನನಗೆ ತೋರುತ್ತದೆ.

ರಾಯಪುರಂ ಮಾತ್ರ ಸಾಯಲಿಲ್ಲ. ಪದವಿ ಕಳೆದುಕೊಂಡು ಬದುಕಿತು. ಕೋಟೆಯಿಂದ ಉತ್ತರಕ್ಕೆ, ವರ್ತಕರ ಕೇರಿಗೂ ಕಡಲಿಗೂ ಹತ್ತಿರವೆಂದು ಆ ಜಾಗ ಆರಿಸಿದ್ದರು. 1856ರ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ಅದನ್ನು ತೆರೆದ. ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ಗಾಡಿ ಅಲ್ಲಿಂದ ಹೊರಟು 60ಕ್ಕೂ ಮಿಕ್ಕಿದ ಮೈಲಿನಾಚೆಯ ವಾಲಾಜಾಕ್ಕೆ ಹೋಯಿತು. 1873ರಲ್ಲಿ ಸೆಂಟ್ರಲ್ ಎದ್ದಿತು. 1907ರ ಹೊತ್ತಿಗೆ ದೂರದ ಗಾಡಿಗಳು ಅದರ ಪಾಲಾದವು.

ಆದರೆ ಕನ್ನಡಿಗರಿಗೆ ರಾಯಪುರಂನೊಡನೆ ಇನ್ನೊಂದು ನಂಟಿದೆ. ಹುಬ್ಬಳ್ಳಿ, ಬೆಳಗಾವಿಗಳ ದಾರಿಯನ್ನು ನಡೆಸುತ್ತಿದ್ದ ಸದರ್ನ್ ಮರಾಠಾ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಅದು ಮದರಾಸು ಕಂಪನಿಯಲ್ಲಿ ಕೂಡಿ ಎಂ.ಎಸ್.ಎಂ. ಆಯಿತು, ಹೊಸ ಕಂಪನಿಯ ಆಡಳಿತ ರಾಯಪುರಂನಲ್ಲಿ ನೆಲೆಸಿತು. ಗಾಡಿಗಳನ್ನು ಕಳೆದುಕೊಂಡ ನಿಲ್ದಾಣಕ್ಕೆ ಹೀಗೆ ಕಾಗದಪತ್ರಗಳ ವೈಭವವೊಂದು ಉಳಿಯಿತು. ಹುಬ್ಬಳ್ಳಿಯ ಗುಮಾಸ್ತನ ಅರ್ಜಿ ಹೋಗಬೇಕಾದ ದಿಕ್ಕು ಅದು! 1922ರಲ್ಲಿ ಸೆಂಟ್ರಲ್ ಬಳಿ ಕಚೇರಿಗೆ ಹೊಸ ಮಹಲು ಕಟ್ಟಿದಾಗ ಆ ವೈಭವವೂ ಹೊರಟುಹೋಯಿತು. ಧಾರವಾಡದಲ್ಲಿ ತೆರವಾದ ಕಟ್ಟಡದ ಭಾಗ್ಯ ಬೇರೆ: ಅದು ಕರ್ನಾಟಕ ಕಾಲೇಜಾಯಿತು. ಕನ್ನಡದ ಎಷ್ಟೋ ಲೇಖಕರು ಪಾಠ ಕೇಳಿದ್ದು, ಪಾಠ ಹೇಳಿದ್ದು ರೈಲ್ವೆಯವರು ಕಟ್ಟಿದ ಆ ಗೋಡೆಗಳ ನಡುವೆಯೇ.

ರಾಯಪುರಂಗೆ ಅಂಥ ಭಾಗ್ಯ ಬರಲಿಲ್ಲ. ಕಂಬಗಳ ಸಾಲಿನ ಆ ಕೆಂಪು ಕಟ್ಟಡ ಬಹುಕಾಲ ಹಾಳುಸುರಿಯಿತು. ಒಂದು ಭಾಗ ರೈಲ್ವೆ ಸಾಮಾನಿನ ಉಗ್ರಾಣದಂತಾಗಿತ್ತು. ಊರಿನ ಹಳಮೆಯನ್ನು ಬಲ್ಲವರು ಕೂಗೆಬ್ಬಿಸಿದ ಮೇಲೆ 2005ರಲ್ಲಿ ಅದನ್ನು ದುರಸ್ತಿ ಮಾಡಿದರು. ಬೋರಿ ಬಂದರ ಅಳಿದುದರಿಂದ, ಭಾರತದಲ್ಲಿ ಉಳಿದ ಅತಿ ಹಳೆಯ ನಿಲ್ದಾಣದ ಕಟ್ಟಡವೆಂಬ ಹಿರಿತನ ಈಗ ಅದರದೇ. ಅಲ್ಲಿಂದ ಮತ್ತೆ ದೂರದ ಗಾಡಿಗಳನ್ನು ಬಿಡಬೇಕೆಂಬ ಬೇಡಿಕೆಯೂ ಇದೆ. ಹಾಗೆ ಮಾಡುವಾಗ ಹಳೆಯ ಕಟ್ಟಡಕ್ಕೆ ಕೊಡಲಿ ಬೀಳಬಾರದು, ಅಷ್ಟೇ. ಸದ್ಯಕ್ಕೆ ಉಪನಗರದ ಗಾಡಿಗಳು ಅಲ್ಲಿ ಗಳಿಗೆ ನಿಂತು ಮುಂದೆ ಸಾಗುತ್ತವೆ.