ಏರಿ, ತೂಬು, ಕೋಡಿ

ಮುಂಗಾರಿಗೆ ಮೊದಲು ನಿಮ್ಮ ಮನೆಯ ಹೆಂಚು ಕೈಯಾಡಿಸಿದ್ದುಂಟೆ? ಸೋರುವುದು ಒಂದೇ ಕಡೆಯಾದರೂ, ಏಣಿ ಹಾಕಿ ಆಳನ್ನು ಹತ್ತಿಸಿದ ಮೇಲೆ ಸೀಳಿದ ಹೆಂಚು, ಗೆದ್ದಲು ಹಿಡಿದ ರೀಪು ಎಲ್ಲವನ್ನೂ ನೋಡಿಸಿಬಿಡುತ್ತೀರಿ. ಗಟ್ಟಿಯಾಗಿರುವುದರ ತಂಟೆಗೆ ಹೋಗುವುದಿಲ್ಲ. ನಮ್ಮ ಹಿರಿಯರು ಕೆರೆಗಳನ್ನು ಕಾಯ್ದುಕೊಂಡದ್ದೂ ಇದೇ ಲೆಕ್ಕದಿಂದ.

ಚಾಮರಾಜನಗರದ ಸೀಮೆಯ ಉಮ್ಮತ್ತೂರು ಇಂದು ಒಂದು ಹಳ್ಳಿ. ಹದಿನೈದನೆಯ ಶತಮಾನದಲ್ಲಿ ಅದು ವಿಜಯನಗರಕ್ಕೆ ಅಧೀನರಾಗಿದ್ದ ಬಲಿಷ್ಠ ಪಾಳೆಯಗಾರರ ನೆಲೆ. ಅಲ್ಲಿನ ಗಂಗರಾಜನು ತಿರುಗಿಬೀಳಲು, 1510–12ರ ವೇಳೆಗೆ ಕೃಷ್ಣದೇವರಾಯನು ದಂಡೆತ್ತಿ ಬಂದು ಉಮ್ಮತ್ತೂರನ್ನೂ ಶಿವನಸಮುದ್ರದ ಕೋಟೆಯನ್ನೂ ಗೆದ್ದನು. ಆಳುವವರು ಬದಲಾದರು, ಆದರೆ ಯಾರು ಆಳಿದರೂ ಗದ್ದೆಗೆ ಕೆರೆಯ ನೀರು ಬೇಕಾಗಿತ್ತು.

ಕೆರೆಯೆಂದರೆ ಬರಿಯ ಹಳ್ಳವಲ್ಲ. ಏರಿ, ತೂಬು, ಕೋಡಿ, ಕಾಲುವೆ ಇವೆಲ್ಲ ಅದರ ಅಂಗಗಳು. ಒಂದೊಂದೂ ಕೆಡುವ ಬಗೆ ಬೇರೆ. ಆದರೂ ಒಂದರ ಕೇಡು ಇನ್ನೊಂದಕ್ಕೆ ತಟ್ಟದೆ ಇರದು. ಕೋಡಿ ಕಟ್ಟಿಕೊಂಡರೆ ನೀರು ಏರಿಯನ್ನೇ ಹತ್ತಿ ಕೊರೆಯುತ್ತದೆ. ಏರಿ ಒಡೆದರೆ ಆ ಪ್ರವಾಹ ಕೆಳಗಣ ಕೆರೆಯ ಮೇಲೆ ಬೀಳುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಒಂದು ಕೆರೆಯ ಕೋಡಿನೀರು ಮತ್ತೊಂದಕ್ಕೆ ಇಳಿಯುವ ಸರಪಳಿಗಳೇ ಹೆಚ್ಚು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು 1866ರಲ್ಲಿ ಇಂಜಿನಿಯರ್ ಸ್ಯಾಂಕಿಯವರು ಬರೆದಿದ್ದರು. ಮೇಲಿನವರ ಆಲಸ್ಯಕ್ಕೆ ಕೆಳಗಿನವರು ದಂಡ ತೆರುವ ಏರ್ಪಾಡು ಇದು.

ಆದುದರಿಂದ ನೀರುಗಂಟಿಯ ಕಣ್ಣೇ ಮುಖ್ಯ. ಏರಿಯ ಹಿಂದೆ ಒಸರುವ ನೀರು ತಿಳಿಯಾಗಿದ್ದರೆ ಗಮನವಿಟ್ಟಿದ್ದರೆ ಸಾಕು. ಕದಡಿ ಬಂದರೆ ಒಳಗಿನ ಮಣ್ಣೇ ಕೊಚ್ಚಿಬರುತ್ತಿದೆಯೆಂದರ್ಥ, ಕೂಡಲೆ ಕೈಹಾಕಬೇಕು. ತೂಬಿನ ಸಡಿಲ ಕಲ್ಲು, ತುಂಬಿದ ಹೂಳು ಬೇಸಗೆಯವರೆಗೆ ಕಾಯಬಹುದು. ಕೆರೆ ಬತ್ತಿದಾಗ ಆಳು, ಬಂಡಿ ಒಂದೇ ಸಲ ಕೂಡಿಸಿ ಎಲ್ಲವನ್ನೂ ಮುಗಿಸಬಹುದು.

ಇದಕ್ಕೆ ಶಾಸ್ತ್ರವೂ ಇತ್ತು, ಹಣವೂ ಇತ್ತು. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಶಾಸನವು ಕೆರೆಯ ಆರು ದೋಷಗಳನ್ನು ಎಣಿಸುತ್ತದೆ. ಏರಿಯಲ್ಲಿ ನೀರು ಒಸರುವುದು ಅವುಗಳಲ್ಲೊಂದು. ಬಿತ್ತುವಟ್ಟ, ದಸವಂದ, ಕಟ್ಟುಕೊಡಗೆ ಎಂಬ ಹೆಸರಿನ ಭೂಮಿಗಳು ಕೆರೆಗಳಿಗಾಗಿಯೇ ಬಿಟ್ಟವು.

ವಿದ್ಯುದಾಗಾರಕ್ಕೂ ವಿಮಾನಕ್ಕೂ ಇಂದಿನ ಇಂಜಿನಿಯರರು ಮಾಡುವುದು ಇದನ್ನೇ: ಅಂಗಾಂಗಗಳ ಸ್ಥಿತಿ ಅಳೆದು, ಯಾವುದಕ್ಕೆ ಈಗಲೇ, ಯಾವುದನ್ನು ಯಾವುದರೊಡನೆ ಎಂದು ಗೊತ್ತುಮಾಡುವುದು. ಅವರಲ್ಲಿ ಅಳತೆಯ ಯಂತ್ರಗಳುಂಟು. ಆದರೆ ನೋಡಿದ್ದನ್ನು ಕೇಳುವವರು, ಕೇಳಿ ಖರ್ಚಿಗೆ ಕೊಡುವವರು ಇಲ್ಲದಿದ್ದರೆ ಯಂತ್ರವೂ ಕುರುಡೇ. ಈ ಏರ್ಪಾಡು ಸಡಿಲಿದಲ್ಲಿ ಕೆರೆಗಳು ಹೂತುಹೋದವು. ಮುಂದಿನ ಸಲ ಊರಿಗೆ ಹೋದಾಗ, ಏರಿಯ ಮೇಲೆ ನಿಂತು ಕೋಡಿಯತ್ತ ಒಮ್ಮೆ ನೋಡಿ ಬನ್ನಿ.